ನಿಂತೇ ಪಾಠ ಮಾಡುವ ಮೇಷ್ಟ್ರು

ದಾವಣಗೆರೆಯಿಂದ ಹರಿಹರಕ್ಕೆ ಬಸ್ಸಿನಲ್ಲಿ ಅರ್ಧ ಗಂಟೆ. ಎರಡು ವರ್ಷ ಆ ದಾರಿಯನ್ನು ನಿಂತೇ ಕಳೆದೆ, ಸೀಟು ಖಾಲಿ ಇದ್ದಾಗಲೂ. “ಯಾಕ್ ನಿಂತೀರಿ ಸಾರ್, ಸೀಟೈತಲ್ಲ, ಕುಂದರ್ರಿ” ಎಂದು ಕಂಡಕ್ಟರ್ ಹೇಳಿದರೆ “ಸೊಂಟ ನೋವಪ್ಪ” ಅನ್ನುತ್ತಿದ್ದೆ. ಕಾಲೇಜಿನಲ್ಲೂ ಕುರ್ಚಿ ಮುಟ್ಟುತ್ತಿರಲಿಲ್ಲ. ನಿಂತೇ ಪಾಠ ಮಾಡುವ ಮೇಷ್ಟ್ರು ಎಂದು ಹುಡುಗರು ಗೌರವ ಕೊಟ್ಟರು. ಆ ಗೌರವವನ್ನು ಸುಮ್ಮನೆ ಇಟ್ಟುಕೊಂಡೆ.

ನೋವು ಸೊಂಟದಲ್ಲಿರಲಿಲ್ಲ. ವೃಷಣಕ್ಕೂ ಗುದಕ್ಕೂ ನಡುವಿನ ಒಂದೆರಡು ಅಂಗುಲದಲ್ಲಿತ್ತು. ಕೂತರೆ ಗಜ್ಜುಗದ ಮೇಲೆ ಕೂತ ಹಾಗೆ. ಒಂದಕ್ಕೆ ಹೋಗಿ ಬಂದ ಹತ್ತೇ ನಿಮಿಷಕ್ಕೆ ಮತ್ತೆ ಹೋಗಬೇಕು. ಕನ್ನಡ ಎಂ.ಎ. ಮಾಡಿ 14 ವರ್ಷ ಪಾಠ ಹೇಳಿದವನಿಗೆ ಆ ಜಾಗಕ್ಕೆ ನಾಲ್ಕು ಜನರೆದುರು ಆಡಬಹುದಾದ ಒಂದು ಪದ ಹೊಳೆಯಲಿಲ್ಲ. ಬೈಗುಳದಲ್ಲಿ ಬೇಕಾದಷ್ಟಿವೆ, ಪಠ್ಯಪುಸ್ತಕದಲ್ಲಿ ‘ಶ್ರೋಣಿ’ ಇದೆ. ನಡುವೆ ಏನೂ ಇಲ್ಲ.

ಅಮ್ಮ “ಉಷ್ಣ ಆಗೈತಿ, ಎಳನೀರು ಕುಡಿ” ಅಂದರು. ಎಳನೀರು, ಬಾರ್ಲಿ ಗಂಜಿ ಎಲ್ಲ ಆಯಿತು. ಡಾಕ್ಟರು ಪ್ರಾಸ್ಟೇಟ್ ಗ್ರಂಥಿಗೆ ಸೋಂಕು ಎಂದು ಆ್ಯಂಟಿಬಯೋಟಿಕ್ ಬರೆದರು. ಸ್ವಲ್ಪ ಕಡಿಮೆಯಾಗಿ ಮತ್ತೆ ಬಂತು. ಇನ್ನೊಬ್ಬ ಡಾಕ್ಟರು, ಇನ್ನೊಂದು ಕೋರ್ಸು. ಹೀಗೆ ನಾಲ್ಕಾದವು. ಪ್ರತಿ ಸಲವೂ ಮೂತ್ರದ ಕಲ್ಚರ್ ವರದಿಯಲ್ಲಿ ಬ್ಯಾಕ್ಟೀರಿಯಾ ಇಲ್ಲ. ಆ ‘ಇಲ್ಲ’ ಸಮಾಧಾನ ಕೊಡಬೇಕಿತ್ತು. ನೀನು ಸುಳ್ಳು ಹೇಳುತ್ತಿದ್ದೀಯ ಎಂದಂತೆ ಕೇಳಿಸುತ್ತಿತ್ತು.

ಹೆಂಡತಿಯ ಜೊತೆ ಮಲಗಿದ ಮರುದಿನ ನೋವು ಇಮ್ಮಡಿಯಾಗುತ್ತಿತ್ತು. ಪೇಪರ್ ತಿದ್ದುವ ನೆಪ ಹೇಳಿ ಹಾಲ್‌ನಲ್ಲಿ ಚಾಪೆ ಹಾಸಿಕೊಂಡೆ. ಒಂದು ರಾತ್ರಿ ಅವಳು ಬಂದು, ಲೈಟ್ ಹಾಕದೆ ಕೇಳಿದಳು: “ಬೇರೆ ಯಾರಾದ್ರೂ ಇದಾರೇನ್ರೀ?”

ನಾನೇ ಎದ್ದು ಲೈಟ್ ಹಾಕಿದೆ. ಪದ ಸಿಗದೆ ಕೈಯಲ್ಲಿ ತೋರಿಸಿ ಹೇಳಿದೆ. “ಇದನ್ನ ಹೇಳಾಕೆ ಎರಡು ವರ್ಷ ಬೇಕಾಯ್ತಾ?” ಎಂದು ಅತ್ತಳು.

ಬೆಂಗಳೂರಿನ ಮೂತ್ರರೋಗ ತಜ್ಞರ ಬಳಿ ಕರೆದೊಯ್ದವಳು ಅವಳೇ. ಅವರು ಒಂದು ಪ್ರಶ್ನಾವಳಿ ಕೊಟ್ಟರು. 1999ರಲ್ಲಿ ಅಮೆರಿಕದಲ್ಲಿ ಸಿದ್ಧವಾದದ್ದು. ನೋವು, ಮೂತ್ರ, ಬದುಕು ಎಂದು ಮೂರು ಭಾಗ, ಒಟ್ಟು 43 ಅಂಕ. ಅಂಕ ಹೆಚ್ಚಿದಷ್ಟೂ ಕಷ್ಟ ಹೆಚ್ಚು. ಮೊದಲ ಪ್ರಶ್ನೆಯೇ ಆ ಜಾಗದ್ದು. ನಾನೊಬ್ಬನೇ ಅಲ್ಲ ಎಂದು ಅಲ್ಲಿ ಗೊತ್ತಾಯಿತು. ನನಗೆ ಬಂದದ್ದು 29.

ಪ್ರಾಸ್ಟೇಟೈಟಿಸ್‌ನಲ್ಲಿ ನಾಲ್ಕು ಬಗೆ ಎಂದರು ಡಾಕ್ಟರು. ಚಳಿಜ್ವರ ಬಂದು ಮೂತ್ರ ಕಟ್ಟುವುದು ಒಂದು; ಅದಕ್ಕೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಬ್ಯಾಕ್ಟೀರಿಯಾ ಮತ್ತೆ ಮತ್ತೆ ಕಾಣಿಸುವುದು ಎರಡನೆಯದು. ಅದಕ್ಕೆ ಆ್ಯಂಟಿಬಯೋಟಿಕ್ ಬೇಕೇ ಬೇಕು. ತೊಂದರೆಯನ್ನೇ ಕೊಡದೆ ಬೇರೆ ಯಾವುದೋ ಪರೀಕ್ಷೆಯಲ್ಲಿ ಗೊತ್ತಾಗುವುದು ನಾಲ್ಕನೆಯದು. ನನ್ನದು ಮೂರನೆಯದು, ಹೆಚ್ಚಿನವರದೂ ಅದೇ: ತಿಂಗಳುಗಟ್ಟಲೆ ನೋವು, ಬ್ಯಾಕ್ಟೀರಿಯಾ ಮಾತ್ರ ಸಿಗದು. ಬೆರಳಿಟ್ಟು ಪರೀಕ್ಷಿಸುತ್ತ ಗ್ರಂಥಿಯ ಪಕ್ಕದ ಸ್ನಾಯುವನ್ನು ಒತ್ತಿದಾಗ “ಇದೇ, ಇದೇ ನೋವು” ಎಂದು ಕೂಗಿಬಿಟ್ಟೆ.

ಮೂತ್ರ ಸಲೀಸಾಗಲು ಮಾತ್ರೆ ಬರೆದು ಫಿಸಿಯೋಥೆರಪಿಗೆ ಕಳಿಸಿದರು. ಅಲ್ಲಿದ್ದವರು ನನ್ನ ತಂಗಿಯ ವಯಸ್ಸಿನ ಹೆಣ್ಣುಮಗಳು. ನಾಚಿ ನಿಂತೆ. “ಎರಡು ವರ್ಷ ಮುಷ್ಟಿ ಬಿಗಿಹಿಡಿದ್ರೆ ಕೈ ನೋಯಲ್ವಾ ಸರ್? ಇದೂ ಅಷ್ಟೇ” ಅಂದರು. ಯಾರದೋ ಮಾತು ಕೇಳಿ ಮಾಡುತ್ತಿದ್ದ ಕೆಗೆಲ್ ವ್ಯಾಯಾಮ ಬಿಡಿಸಿದರು. ಬಿಗಿದ ಸ್ನಾಯುವನ್ನು ಅದು ಇನ್ನಷ್ಟು ಬಿಗಿಯುತ್ತದಂತೆ. ಹೊಟ್ಟೆಯಿಂದ ಉಸಿರೆಳೆದು ಕೆಳಗಿನ ಸ್ನಾಯುವನ್ನು ಸಡಿಲ ಬಿಡುವುದು ಕಲಿಸಿದರು. ಮನೆಯಲ್ಲಿ ಬೆಚ್ಚನೆ ನೀರಿನ ಟಬ್ಬು.

ಆರು ತಿಂಗಳ ಮೇಲೆ ಮತ್ತೆ ಪ್ರಶ್ನಾವಳಿ ತುಂಬಿದೆ: 12. ಸೊನ್ನೆಯಲ್ಲ. ಪರೀಕ್ಷೆಯ ಓಡಾಟದ ದಿನಗಳಲ್ಲಿ ಇಂದಿಗೂ ಏರುತ್ತದೆ, ಇಳಿಯುತ್ತದೆ. ಏರಿದ ದಿನ ಹೆಂಡತಿಗೆ ಹೇಳುತ್ತೇನೆ. ಚಾಪೆ ಅಟ್ಟ ಸೇರಿದೆ.

ಮೊನ್ನೆ ಕ್ಲಾಸಿನಲ್ಲಿ ಕುರ್ಚಿ ಎಳೆದು ಕೂತೆ. ಹಿಂದಿನ ಬೆಂಚಿನ ಹುಡುಗ “ಯಾಕ್ ಸಾರ್, ವಯಸ್ಸಾಯ್ತಾ?” ಅಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಅವನಿಗೆ ಕೊಡಬೇಕಾಗಿದ್ದ ಉತ್ತರವನ್ನು ಇಲ್ಲಿ ಬರೆದಿದ್ದೇನೆ.