ಗಾಡಿಯ ಎವರೇಜ್ ಇಳಿದರೆ ಮೊದಲು ಅಳೆಯಿರಿ

ವ್ಯಾಪಾರಸ್ಥರ ಮನೆಗಳಲ್ಲಿ ಒಂದು ಹಳೆಯ ರೂಢಿ ಇದೆ. ಮಾಲಿನ ತೂಕ ಕಡಿಮೆ ಬಂದರೆ ಹಮಾಲನ ಮೇಲೆ, ಗಲ್ಲಾಪೆಟ್ಟಿಗೆಯಲ್ಲಿ ಹಣ ಕಡಿಮೆಯಾದರೆ ಗುಮಾಸ್ತನ ಮೇಲೆ, ಗಾಡಿಗೆ ಡೀಸೆಲ್ ಹೆಚ್ಚು ಹತ್ತಿದರೆ ಡ್ರೈವರನ ಮೇಲೆ ಮೊದಲು ಸಂಶಯ. ತಕ್ಕಡಿ ನೋಡುವ ಮೊದಲು ಮನುಷ್ಯನ ಮುಖ ನೋಡುತ್ತೇವೆ. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂದು ಹಿರಿಯರು ಹೇಳಿದ್ದು ಇಂಥ ಹೊತ್ತಿಗೇ ಇರಬೇಕು. ನಮ್ಮ ಹಳೆಯ ಪಿಕಪ್ ಗಾಡಿಯಿಂದ ಬಂದ ಅನುಭವವನ್ನು, ಗಾಡಿ ಇಟ್ಟುಕೊಂಡ ನಮ್ಮ ಬಂಧುಗಳಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇವೆ. ನಾವು ಮೆಟ್ರಿಕ್ ಓದಿ ಅಂಗಡಿ ಹಿಡಿದವರು, ಇಂಜಿನಿಯರರಲ್ಲ. ಆದರೆ ಅಳತೆ ಮತ್ತು ಲೆಕ್ಕ ನಮ್ಮ ಕಸುಬು.

ನಮ್ಮದು 2008ರ ಡೀಸೆಲ್ ಗಾಡಿ. ಅಕ್ಕಲಕೋಟೆಯ ಅಂಗಡಿಯಿಂದ ಸೊಲ್ಲಾಪುರದ ಮಾರ್ಕೆಟ್ ಯಾರ್ಡಿಗೆ ಸುಮಾರು 40 ಕಿ.ಮೀ. ತಿಂಗಳಿಗೆ 25 ಸಲ ಹೋಗಿಬಂದರೆ 2,000 ಕಿ.ಮೀ. ಆಯಿತು. ಮೊದಲು ಲೀಟರಿಗೆ 12 ಕಿ.ಮೀ. ಕೊಡುತ್ತಿದ್ದ ಗಾಡಿ ಬರಬರುತ್ತ 9ಕ್ಕೆ ಇಳಿಯಿತು. ಲೀಟರಿಗೆ 90 ರೂಪಾಯಿ ಹಿಡಿದರೂ ತಿಂಗಳಿಗೆ 5,000 ರೂಪಾಯಿ ಹೆಚ್ಚಿನ ಖರ್ಚು, ವರ್ಷಕ್ಕೆ 60,000. ಸಣ್ಣ ವ್ಯಾಪಾರಕ್ಕೆ ಇದು ಸಣ್ಣ ಮಾತಲ್ಲ.

ಅಂಗಡಿಯಲ್ಲಿ ಗುಸುಗುಸು ಶುರುವಾಯಿತು. ಡ್ರೈವರ್ ದಾರಿಯಲ್ಲಿ ಡೀಸೆಲ್ ತೆಗೆದು ಮಾರುತ್ತಾನೆ ಎಂದು ಒಬ್ಬರು ಅಂದರು, ಪಂಪಿನವರೊಂದಿಗೆ ಸೇರಿ ಸುಳ್ಳು ಬಿಲ್ಲು ತರುತ್ತಾನೆ ಎಂದು ಇನ್ನೊಬ್ಬರು. ಆತ 14 ವರ್ಷದಿಂದ ನಮ್ಮಲ್ಲಿ ಇರುವವನು. ಮಾತು ಅವನ ಕಿವಿಗೂ ಬಿತ್ತು. ಒಂದು ಸಂಜೆ ಕೀಲಿ ತಂದು ಗಾದಿಯ ಮೇಲೆ ಇಟ್ಟು, “ಅಣ್ಣಾರ, ನಾ ಒಂದ್ ಹನಿ ಡೀಸೆಲ್ ಮುಟ್ಟಿಲ್ರಿ. ಆದ್ರ ಮಂದಿ ಹಿಂಗ ಅನ್ನೂ ಮುಂದ ನಾ ಹ್ಯಾಂಗ ಗಾಡಿ ಹೊಡೀಲ್ರಿ?” ಅಂದ. ನಾವು ಕೀಲಿಯನ್ನು ಅವನ ಕಡೆಗೇ ಸರಿಸಿ, “ತಮ್ಮಾ, ಕೀಲಿ ನಿನ್ನ ಹತ್ರನ ಇರ್ಲಿ. ಮೊದಲ ಅಳಿಯೂಣು, ಆಮ್ಯಾಲ ಮಾತಾಡೂಣು” ಅಂದೆವು.

ಅಳೆಯುವ ರೀತಿ ಹೀಗೆ. ‘ಇಷ್ಟು ರೂಪಾಯಿಯ ಡೀಸೆಲ್ ಹಾಕು’ ಎನ್ನುವ ಪದ್ಧತಿಯಿಂದ ಎವರೇಜ್ ತಿಳಿಯುವುದಿಲ್ಲ. ಟ್ಯಾಂಕು ತುಂಬಿಸಿ ಮೀಟರಿನ ಅಂಕಿ ಬರೆದುಕೊಳ್ಳಬೇಕು. ಎರಡು-ಮೂರು ನೂರು ಕಿ.ಮೀ. ಓಡಿದ ಮೇಲೆ ಅದೇ ಪಂಪಿನಲ್ಲಿ, ಸಮನಾದ ಅದೇ ಜಾಗದಲ್ಲಿ ನಿಲ್ಲಿಸಿ ಮತ್ತೆ ತುಂಬಿಸಬೇಕು. ಎರಡನೆಯ ಸಲ ಹಿಡಿದಷ್ಟೇ ಡೀಸೆಲ್ ಖರ್ಚಾದದ್ದು. ಹೀಗೆ ಮೂರು ಸಲ ಮಾಡಿದರೆ ಅಂಕಿಯನ್ನು ನಂಬಬಹುದು. ನಮ್ಮ ಮಗ ಮೂರೂ ಸಲ ಡ್ರೈವರನ ಪಕ್ಕದಲ್ಲಿ ಕುಳಿತು ಹೋದ, ರಾತ್ರಿ ಗಾಡಿ ನಮ್ಮ ಗೋದಾಮಿನ ಒಳಗೇ ನಿಂತಿತು. 240 ಕಿ.ಮೀ.ಗೆ 26 ಲೀಟರ್ ಹಿಡಿಯಿತು, ಅಂದರೆ 9.2. ಯಾರೂ ಟ್ಯಾಂಕಿನ ಹತ್ತಿರ ಹೋಗದಾಗಲೂ ಗಾಡಿ ಅಷ್ಟೇ ಕುಡಿಯಿತು. ಡ್ರೈವರನ ಮೇಲಿನ ಮಾತು ಅಲ್ಲಿಗೇ ಮುಗಿಯಿತು. ಮಗನೇ ಅಂಗಡಿಯ ಎಲ್ಲರ ಮುಂದೆ ಆ ಅಂಕಿ ಓದಿ ಹೇಳಿದ.

ಪಂಪಿನ ಅಳತೆಯನ್ನೂ ನೋಡಿದೆವು. ಪ್ರತಿ ಪಂಪಿನಲ್ಲಿ ತೂಕ-ಅಳತೆ ಇಲಾಖೆಯ ಮುದ್ರೆಯುಳ್ಳ 5 ಲೀಟರಿನ ಮಾಪು ಇರುತ್ತದೆ. ಗಿರಾಕಿ ಕೇಳಿದರೆ ಅದರಲ್ಲಿ ಅಳೆದು ತೋರಿಸಬೇಕು. ಕೇಳಲು ಸಂಕೋಚ ಬೇಡ. ನಮಗೆ ಅಳತೆ ಸರಿಯಾಗಿಯೇ ಬಂತು.

ಇನ್ನು ಮೀಟರು. ಹಿಂದಿನ ವರ್ಷ ಹಾಕಿಸಿದ ಟೈರುಗಳು ಮೊದಲಿನವಕ್ಕಿಂತ ತುಸು ದೊಡ್ಡವು. ದೊಡ್ಡ ಗಾಲಿ ಅಷ್ಟೇ ದಾರಿಗೆ ಕಡಿಮೆ ಸುತ್ತು ತಿರುಗುತ್ತದೆ, ಮೀಟರು ಕಡಿಮೆ ತೋರಿಸುತ್ತದೆ. ರಸ್ತೆಯ ಕಿಲೋಮೀಟರ್ ಕಲ್ಲುಗಳನ್ನು ಎಣಿಸಿ ತಾಳೆ ನೋಡಿದಾಗ 20 ಕಿ.ಮೀ.ಗೆ ಮೀಟರು 19.2 ಮಾತ್ರ ತೋರಿಸಿತು. ಅಂದರೆ 240 ಎಂದು ತೋರಿಸಿದ್ದು ನಿಜವಾಗಿ 250. ನಿಜವಾದ ಎವರೇಜ್ 9.6. ಪಾನಾ ಹಿಡಿಯುವ ಮೊದಲೇ ನಷ್ಟದ ಒಂದು ಪಾಲು ಬರಿಯ ಅಂಕಿಯ ನಷ್ಟ ಎಂದು ತಿಳಿಯಿತು.

ಉಳಿದದ್ದು ಗಾಡಿಯ ದೋಷ. ಎಲ್ಲವನ್ನೂ ಒಮ್ಮೆಗೆ ಬದಲಿಸಿದರೆ ಯಾವುದರಿಂದ ಗುಣ ಬಂತೆಂದು ತಿಳಿಯದು. ಖರ್ಚಿಲ್ಲದ್ದನ್ನು ಮೊದಲು, ಖರ್ಚಿನದನ್ನು ಕೊನೆಗೆ ನೋಡಬೇಕು.

ಮೊದಲನೆಯದು ಹವಾ. ಬೆಳಿಗ್ಗೆ ಟೈರು ತಣ್ಣಗಿರುವಾಗ, ಗಾಡಿಯ ಮೇಲೆ ಕಂಪನಿಯವರು ಬರೆದ ಅಂಕಿಯಂತೆ ತುಂಬಿಸಬೇಕು. ಹೊರೆ ಹೇರುವ ಗಾಡಿಗೆ ಹಿಂದಿನ ಗಾಲಿಗಳಿಗೆ ಹೆಚ್ಚು ಬೇಕು. ಎರಡನೆಯದು ಏರ್ ಫಿಲ್ಟರ್. ನಮ್ಮ ಕಡೆಯ ಕರಿಮಣ್ಣಿನ ಧೂಳು ಹಿಟ್ಟಿನಂಥದು. ಫಿಲ್ಟರನ್ನು ಬೆಳಕಿಗೆ ಹಿಡಿದರೆ ಒಂದು ಕಿರಣವೂ ಆಚೆ ಬರಲಿಲ್ಲ. ಗಾಳಿ ಸಾಲದಿದ್ದರೆ ಡೀಸೆಲ್ ಪೂರ್ತಿ ಉರಿಯದೆ ಕಪ್ಪು ಹೊಗೆಯಾಗುತ್ತದೆ. ಹೊಗೆಯ ಬಣ್ಣವನ್ನು ಗಮನಿಸಿರಿ. ನೀಲಿಯಾಗಿದ್ದರೆ ಇಂಜಿನ್ ಆಯಿಲ್ ಉರಿಯುತ್ತಿದೆ ಎಂದು ಅರ್ಥ, ಆಗ ಖರ್ಚು ದೊಡ್ಡದು. ನಮ್ಮದು ಕಪ್ಪಾಗಿತ್ತು.

ಮೂರನೆಯದು ಬ್ರೇಕು. ಹತ್ತು ಕಿ.ಮೀ. ಓಡಿಸಿ, ಹೆಚ್ಚು ಬ್ರೇಕ್ ಹಾಕದೆ ನಿಲ್ಲಿಸಿ, ಪ್ರತಿ ಗಾಲಿಯ ನಡುವೆ ಕೈಯ ಹಿಂಭಾಗವನ್ನು ಮುಟ್ಟಿಸದೆ ಹತ್ತಿರ ಹಿಡಿದು ನೋಡಿದೆವು. ಹಿಂದಿನ ಎಡಗಾಲಿ ಒಲೆಯಂತೆ ಕಾದಿತ್ತು. ಉಳಿದ ಗಾಲಿಗಳಿಗೆ ಕಲ್ಲು ಕೊಟ್ಟು, ಅದನ್ನು ಜಾಕಿನ ಮೇಲೆ ಎತ್ತಿ ಕೈಯಿಂದ ತಿರುಗಿಸಿದರೆ ಅರ್ಧ ಸುತ್ತೂ ಹೋಗಲಿಲ್ಲ. ಹ್ಯಾಂಡ್ ಬ್ರೇಕಿನ ಕೇಬಲ್ ತುಕ್ಕು ಹಿಡಿದು ಬಿಗಿದು ನಿಂತಿತ್ತು. ಗಾಡಿ ಬ್ರೇಕ್ ಹಿಡಿದುಕೊಂಡೇ ಸೊಲ್ಲಾಪುರಕ್ಕೆ ಹೋಗಿಬರುತ್ತಿತ್ತು! ಕೇಬಲ್ ಬದಲಿಸಿ, ಹೊಸ ಫಿಲ್ಟರ್ ಹಾಕಿ ಮತ್ತೆ ಅಳೆದಾಗ 10.7 ಬಂತು.

ನಾಲ್ಕನೆಯದು ನಮಗೆ ಹೊಸ ಪಾಠ. ಎಷ್ಟು ದೂರ ಓಡಿಸಿದರೂ ಇಂಜಿನ್ನಿನ ಶಾಖದ ಮುಳ್ಳು ಕೆಳಗೇ ಇರುತ್ತಿತ್ತು. ಗಾಡಿ ತಂಪಾಗಿದೆ, ಒಳ್ಳೆಯದೇ ಎಂದು ಎಲ್ಲರೂ ತಿಳಿಯುತ್ತಾರೆ. ಇಂಜಿನ್ ಸುಮಾರು 80 ಡಿಗ್ರಿ ಕಾಯುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಒಂದು ಸಣ್ಣ ಭಾಗವಿದೆ. ಅದಕ್ಕೆ ಥರ್ಮೋಸ್ಟಾಟ್ ಎನ್ನುತ್ತಾರೆ. ಹಿಂದೆ ಯಾವುದೋ ಬೇಸಿಗೆಯಲ್ಲಿ ಒಂದು ಗ್ಯಾರೇಜಿನವರು ಅದನ್ನು ತೆಗೆದುಹಾಕಿ ಹಾಗೇ ಮುಚ್ಚಿದ್ದರು. ಬಿಸಿಲಿನ ಊರುಗಳಲ್ಲಿ ಹೀಗೆ ಮಾಡುವ ಮಿಸ್ತ್ರಿಗಳು ಬಹಳ. ಇಂಜಿನ್ ತಣ್ಣಗೇ ಓಡಿದರೆ ಡೀಸೆಲ್ ಸರಿಯಾಗಿ ಉರಿಯುವುದಿಲ್ಲ, ಒಳಗೆ ಸವೆತವೂ ಹೆಚ್ಚು. ಹೊಸದನ್ನು ಹಾಕಿಸಿದೆವು.

ಕೊನೆಗೆ ನಾಜಲ್. ಪಂಪ್-ನಾಜಲ್ ಕೆಲಸದವರು ಅವನ್ನು ಬಿಚ್ಚಿ ಯಂತ್ರದ ಮೇಲೆ ಒತ್ತಡ ಕೊಟ್ಟು ತೋರಿಸಿದರು. ಮೂರು ಮಂಜಿನಂತೆ ಸಿಂಪಡಿಸಿದವು, ಒಂದು ತೊಟ್ಟಿಕ್ಕಿತು. ಅದೊಂದನ್ನೇ ಬದಲಿಸಿ, ಟ್ಯಾಪೆಟ್ ಸರಿಮಾಡಿಸಿದಾಗ ಎವರೇಜ್ 11.2 ಆಯಿತು. ಒಂದು ಎಚ್ಚರಿಕೆ: ಡೀಸೆಲ್ ಪಂಪಿನ ಸೀಲು ಮಾಡಿದ ಸ್ಕ್ರೂವನ್ನು ದಾರಿಬದಿಯ ಮಿಸ್ತ್ರಿಯ ಕೈಗೆ ಕೊಡಬೇಡಿರಿ.

ಇನ್ನುಳಿದದ್ದು ಓಡಿಸುವ ರೀತಿ. ರಸ್ತೆ ಅಗಲವಾದ ಮೇಲೆ ಎಲ್ಲ ಗಾಡಿಗಳೂ 80ರಲ್ಲಿ ಓಡುತ್ತವೆ. ವೇಗ 60ರಿಂದ 80ಕ್ಕೆ ಏರಿದರೆ ಎದುರು ಗಾಳಿಯ ತಡೆ ಮುಕ್ಕಾಲು ಪಾಲಿಗಿಂತ ಹೆಚ್ಚು ಏರುತ್ತದೆ. ತಾಡಪತ್ರಿ ಸಡಿಲಾಗಿ ಪಟಪಟ ಹಾರಿದರೆ ಇನ್ನೂ ಹೆಚ್ಚು. ಅದನ್ನು ಬಿಗಿದು ಕಟ್ಟಿ, 55-60ರ ಮೇಲೆ ಹೋಗದಂತೆ ಡ್ರೈವರನೇ ನಿಯಮ ಮಾಡಿಕೊಂಡ. ಸರದಿಯಲ್ಲಿ ನಿಂತಾಗ ಇಂಜಿನ್ ಬಂದ್ ಮಾಡತೊಡಗಿದ. ಈಗ 11.6 ಬರುತ್ತಿದೆ. ಹಳೆಯ ಗಾಡಿಗೆ ಅಷ್ಟು ಸಾಕು. ನಿಜವಾದ 9.6ಕ್ಕೆ ಹೋಲಿಸಿದರೆ ತಿಂಗಳಿಗೆ ಸುಮಾರು 36 ಲೀಟರ್, ಅಂದರೆ 3,200 ರೂಪಾಯಿ ಉಳಿಯುತ್ತದೆ.

ನಾವು ಹುಡುಕಿದ್ದು ಒಬ್ಬ ಕಳ್ಳನನ್ನಲ್ಲ, ಐದಾರು ಸಣ್ಣ ಸೋರಿಕೆಗಳನ್ನು. ಯಾವುದೂ ಒಂದೇ ದಿನದಲ್ಲಿ ಆದದ್ದಲ್ಲ. ಅಳೆಯದೆ ಮಾತಾಡಿದ್ದರೆ 14 ವರ್ಷದ ಒಬ್ಬ ನಂಬಿಗಸ್ತ ಹೆಸರು ಕೆಡಿಸಿಕೊಂಡು ಮನೆಗೆ ಹೋಗುತ್ತಿದ್ದ. ಹೊಸ ಡ್ರೈವರ್ ಬಂದಮೇಲೂ ಗಾಡಿ ಅಷ್ಟೇ ಡೀಸೆಲ್ ಕುಡಿಯುತ್ತಿತ್ತು. ಹೆಸರು ಹೋದವನಿಗೆ ಅದನ್ನು ಯಾವ ಪಂಪಿನಲ್ಲಿ ತುಂಬಿಸಿ ಕೊಡುವುದು?

ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ. ಗಾಡಿಯಲ್ಲಿ ಹತ್ತು ರೂಪಾಯಿಯ ಒಂದು ವಹಿ ಇಡಿರಿ. ತುಂಬಿಸಿದ ತಾರೀಖು, ಮೀಟರಿನ ಅಂಕಿ, ಲೀಟರ್, ಹೊತ್ತ ಹೊರೆ ಇವನ್ನು ಡ್ರೈವರನೇ ಬರೆಯಲಿ, ತಿಂಗಳಿಗೊಮ್ಮೆ ನೀವು ಅವನ ಜೊತೆಗೆ ಕುಳಿತು ನೋಡಿರಿ. ಸತತ ಮೂರು ಸಲ ಅಂಕಿ ಇಳಿದರೆ ಮೊದಲು ಗಾಲಿಯ ಹತ್ತಿರ ಕೈ ಹಿಡಿದು ನೋಡಿರಿ.