ಚಿಟ್ಟೆಯಾದ ವನೆಸ್ಸಾ

ಸೀತೆ, ಸಾವಿತ್ರಿ, ಲಕ್ಷ್ಮಿ ಎಂಬ ಹೆಸರುಗಳನ್ನು ಮೊಟ್ಟಮೊದಲು ಇಟ್ಟವರು ಯಾರೆಂದು ಹೇಳಬಲ್ಲವರಿಲ್ಲ. ಅವು ಬಳಕೆಯಿಂದ ಬಂದ ಹೆಸರುಗಳು. ಆದರೆ ವನೆಸ್ಸಾ ಎಂಬ ಹೆಸರಿಗೆ ಕರ್ತೃ ಉಂಟು. ಗಲಿವರನ ಕತೆ ಬರೆದ ಜೊನಾಥನ್ ಸ್ವಿಫ್ಟನೇ ಆತ.

ಎಸ್ತರ್ ವ್ಯಾನ್‌ಹೋಮ್ರಿ ಡಬ್ಲಿನ್ನಿನ ಡಚ್ ಮೂಲದ ವರ್ತಕನ ಮಗಳು. ಸ್ವಿಫ್ಟ್ ಪಾದ್ರಿ, ಅವಳಿಗಿಂತ ಇಪ್ಪತ್ತು ವರ್ಷ ಹಿರಿಯ, ಓದಿನಲ್ಲಿ ಅವಳಿಗೆ ಗುರು. ಮನೆತನದ ಹೆಸರಿನಿಂದ ‘ವ್ಯಾನ್’ ತೆಗೆದು, ಎಸ್ತರ್ ಎಂಬುದನ್ನು ಮುದ್ದಿಗೆ ‘ಎಸ್ಸಾ’ ಮಾಡಿ ಜೋಡಿಸಿದ. ಎರಡು ಧಾತುಗಳು ಕೂಡಿ ಮೂರನೆಯದೇ ಒಂದು ವಸ್ತು ಆದಂತೆ! 1713ರ ಸುಮಾರಿಗೆ ಅವರಿಬ್ಬರ ಸ್ನೇಹದ ಬಗ್ಗೆ ದೀರ್ಘ ಪದ್ಯವನ್ನೂ ಬರೆದ. ಅದರಲ್ಲಿ ಅವಳು ವನೆಸ್ಸಾ, ಅವನು ಕ್ಯಾಡೆನಸ್. ಡೀನ್ ಪದವಿಗೆ ಲ್ಯಾಟಿನ್ನಿನಲ್ಲಿರುವ ‘ಡೆಕಾನಸ್’ ಎಂಬ ಮಾತಿನ ಅಕ್ಷರಗಳನ್ನು ಅದಲುಬದಲು ಮಾಡಿದರೆ ಕ್ಯಾಡೆನಸ್. ನಾಲ್ಕು ಜನರ ಕಣ್ಣು ತಪ್ಪಿಸಲು ಒದಗುವ ಹೆಸರುಗಳಿವು.

ಹುಡುಗಿ ಅವನನ್ನು ಮನಸಾರೆ ಪ್ರೀತಿಸಿದಳು. 1714ರಲ್ಲಿ ಅವನ ಹಿಂದೆಯೇ ಲಂಡನ್ನಿನಿಂದ ಐರ್ಲೆಂಡಿಗೆ ಹೋದಳು. ಅಲ್ಲಿ ಸ್ವಿಫ್ಟನಿಗೆ ‘ಸ್ಟೆಲ್ಲಾ’ ಎಂದು ಅವನೇ ಕರೆದ ಇನ್ನೊಬ್ಬ ಎಸ್ತರ್ ಇದ್ದಳು. ವನೆಸ್ಸಾ ಅಂಗಲಾಚಿ ಬರೆದ ಪತ್ರಗಳು ಇಂದಿಗೂ ಉಳಿದಿವೆ. 1723ರಲ್ಲಿ, ಮೂವತ್ತೈದರ ಆಸುಪಾಸಿನಲ್ಲಿ, ಮದುವೆಯಿಲ್ಲದೆ ತೀರಿಕೊಂಡಳು. ಪದ್ಯ ಅಚ್ಚಾದದ್ದು 1726ರಲ್ಲಿ, ಗಲಿವರನ ಕತೆ ಹೊರಬಂದ ವರ್ಷವೇ. ಹೌದೆನ್ನಲು, ಅಲ್ಲವೆನ್ನಲು ಅವಳು ಬದುಕಿರಲಿಲ್ಲ. ದೊಡ್ಡ ಲೇಖಕನಾದರೇನು, ಅವಳ ಪಾಲಿಗೆ ಇದು ನ್ಯಾಯವಂತೂ ಆಗಲಿಲ್ಲ.

ಹೆಸರು ಬಹುಕಾಲ ಪುಸ್ತಕದಲ್ಲೇ ಹೆಚ್ಚಾಗಿ ಉಳಿಯಿತು. 1879ರಲ್ಲಿ ಹುಟ್ಟಿದ ಚಿತ್ರಕಲಾವಿದೆ ವನೆಸ್ಸಾ ಬೆಲ್, 1937ರಲ್ಲಿ ಹುಟ್ಟಿದ ನಟಿ ವನೆಸ್ಸಾ ರೆಡ್‌ಗ್ರೇವ್ ಮುಂತಾದವರಿಂದ ಅದು ಜನರ ಕಿವಿಗೆ ಬಿತ್ತು. 1980ರ ದಶಕದ ಹೊತ್ತಿಗೆ ಅಮೆರಿಕದಲ್ಲಿ ಹೆಣ್ಣುಮಕ್ಕಳಿಗೆ ಇಡುವ ಮೊದಲ ನೂರು ಹೆಸರುಗಳಲ್ಲಿ ಒಂದಾಗಿ, ಆಮೇಲೆ ಇಳಿಯಿತು. ಅಜ್ಜಿಯ ಹೆಸರನ್ನು ಮೊಮ್ಮಗಳಿಗೆ ಇಡುವ ಪದ್ಧತಿ ತಪ್ಪಿದ ಮೇಲೆ ಹೆಸರುಗಳ ಆಯುಷ್ಯ ಎಲ್ಲೆಡೆಯೂ ಕಡಿಮೆಯೇ.

ಈ ನಡುವೆ 1807ರಲ್ಲಿ ಡೆನ್ಮಾರ್ಕಿನ ಕೀಟವಿಜ್ಞಾನಿ ಫ್ಯಾಬ್ರೀಷಿಯಸ್ ಒಂದು ಚಿಟ್ಟೆಕುಲಕ್ಕೆ ವನೆಸ್ಸಾ ಎಂದು ಹೆಸರಿಟ್ಟ. ಕಿತ್ತಳೆ ರೆಕ್ಕೆ, ಕಪ್ಪು ತುದಿ, ಅದರ ಮೇಲೆ ಬಿಳಿ ಚುಕ್ಕೆಗಳಿರುವ ವನೆಸ್ಸಾ ಕಾರ್ಡುಯಿ ಕರ್ನಾಟಕದಲ್ಲೂ ಹಾರಾಡುತ್ತದೆ. ಅದರ ದಾಯಾದಿ ವನೆಸ್ಸಾ ಇಂಡಿಕಾ ಇರುವುದು ದಕ್ಷಿಣ ಭಾರತದ ಎತ್ತರದ ಬೆಟ್ಟಗಳಲ್ಲಿ. ಅದರ ಮರಿಹುಳುವಿಗೆ ಊಟ, ಮುಟ್ಟಿದರೆ ಉರಿಯುವ ತುರಚೆ ಗಿಡದ ಎಲೆ.