ಅಬ್ಸರ್ಡ್, ಸರ್ಡ್, ಕರಣಿ

ಅಸಂಬದ್ಧ ಎನ್ನಲು ಇಂಗ್ಲಿಷಿನಲ್ಲಿ ಬಳಸುವ ‘ಅಬ್ಸರ್ಡ್’ ಪದದ ಮೂಲ ಲ್ಯಾಟಿನ್ನಿನ ‘ಅಬ್ಸರ್ಡಸ್’. ಶ್ರುತಿ ತಪ್ಪಿದ್ದು, ಕಿವಿಗೆ ಒಗ್ಗದ್ದು ಎಂದು ಅದರ ಅರ್ಥ. ಅದರೊಳಗಿನ ‘ಸರ್ಡಸ್’ ಎಂದರೆ ಕಿವುಡು. ಬುದ್ಧಿಗೆ ಒಗ್ಗದ್ದು ಎಂಬ ಅರ್ಥವೂ ಲ್ಯಾಟಿನ್ನಿನಲ್ಲೇ ಕೂಡಿಕೊಂಡಿತು. 16ನೇ ಶತಮಾನದಲ್ಲಿ ಪದ ಇಂಗ್ಲಿಷಿಗೆ ಬಂತು.

ಗಣಿತ ಬೋಧಿಸುವ ನಮಗೆ ‘ಸರ್ಡ್’ ಹೊಸದಲ್ಲ. √2ರಂಥ ಕರಣಿಗೆ ಇಂಗ್ಲಿಷಿನಲ್ಲಿ ಅದೇ ಹೆಸರು. ಗ್ರೀಕರು ಇಂಥವನ್ನು ‘ಅಲೋಗೋಸ್’ ಎಂದರು. ‘ಲೋಗೋಸ್’ ಎಂದರೆ ಅನುಪಾತವೂ ಹೌದು, ಮಾತೂ ಹೌದು. ಅರಬ್ ಗಣಿತಜ್ಞರು ಕಿವುಡು ಎಂಬರ್ಥದ ‘ಅಸಮ್’ ಪದವನ್ನು ಬಳಸಿದರು. ಲ್ಯಾಟಿನ್ ಅನುವಾದದಲ್ಲಿ ಅದು ‘ಸರ್ಡಸ್’ ಆಯಿತು. ನಮ್ಮ ‘ಕರಣಿ’ಯ ದಾರಿ ಬೇರೆ. ಬೌಧಾಯನ ಶುಲ್ಬಸೂತ್ರದಲ್ಲಿ ಚೌಕದ ಕರ್ಣ ‘ದ್ವಿಕರಣಿ’, ಅಂದರೆ ಇಮ್ಮಡಿ ವಿಸ್ತೀರ್ಣವನ್ನು ಮಾಡಿಕೊಡುವ ಗೆರೆ. ಒಂದು ಹೆಸರು ಸಂಖ್ಯೆಯ ಕೊರತೆಯನ್ನು ಹೇಳಿದರೆ, ಇನ್ನೊಂದು ಅದು ಮಾಡುವ ಕೆಲಸವನ್ನು ಹೇಳುತ್ತದೆ.

ಬೋಧನಾಭ್ಯಾಸದಲ್ಲಿ ಹತ್ತನೆಯ ತರಗತಿಗೆ √2 ಅಭಾಗಲಬ್ಧ ಎಂದು ಸಾಧಿಸಿ ತೋರಿಸಿದೆ. ಒಬ್ಬ ಹುಡುಗಿ ಕೇಳಿದಳು: “ಮಿಸ್, ದಶಮಾಂಶ ಮುಗಿಯೋದೇ ಇಲ್ಲ ಅಂದ್ಮೇಲೆ ಅಷ್ಟುದ್ದದ ಗೆರೆ ಎಳೆಯೋಕಾಗುತ್ತಾ?” ತರಗತಿ ನಕ್ಕಿತು. ಬಾಹು 1 ಮೀಟರ್ ಇರುವ ಚೌಕವನ್ನು ಹಲಗೆಯ ಮೇಲೆ ಬರೆದು, ಕರ್ಣ ಎಳೆಯಲು ಅವಳಿಗೇ ಸೀಮೆಸುಣ್ಣ ಕೊಟ್ಟೆ. ಪೈಥಾಗೊರಸ್ ಪ್ರಮೇಯ ಹಾಕಿ ಉದ್ದ √2 ಮೀಟರ್ ಎಂದು ಅವಳೇ ಬರೆದಳು. ನಗು ನಿಂತಿತು.

ಗ್ರೀಕರನ್ನೂ ಕಾಡಿದ್ದು ಇದೇ ಪ್ರಶ್ನೆ: ಗೆರೆ ಕಣ್ಣೆದುರಿದೆ, ಅದರ ಅಳತೆಗೆ ಅನುಪಾತವಿಲ್ಲ. ಮಗುವಿನ ಪ್ರಶ್ನೆ ಅಸಂಬದ್ಧವೆನಿಸಿದಾಗ ಶ್ರುತಿ ತಪ್ಪಿರುವುದು ಕೇಳುವ ನಮ್ಮ ಕಿವಿಯೂ ಆಗಿರಬಹುದು. ಈ ಪಾಠಯೋಜನೆಯಲ್ಲಿ ಈಗ ಸಾಧನೆಗಿಂತ ಮೊದಲು ದ್ವಿಕರಣಿಯನ್ನು ಇಟ್ಟಿದ್ದೇನೆ.